ಹಳೆಯ ಜೇಬುಚಾಕುಗಳನ್ನು ಗುರುತಿಸುವ ಮತ್ತು ಸಂಗ್ರಹಿಸುವ ಬಗೆ: ಶೆಫೀಲ್ಡ್ ಚಾಕುಗಳನ್ನು ಮುಂದಿಟ್ಟುಕೊಂಡು ಒಂದು ಸಮಗ್ರ ಮಾರ್ಗದರ್ಶಿ

ಮಡಚಿ ಜೇಬಿನಲ್ಲಿ ಇಟ್ಟುಕೊಳ್ಳುವ ಚಾಕುವನ್ನು ಜನ ದಿನವೂ ಬಳಸಿ, ಸವೆಸಿ, ಕೊನೆಗೆ ಎಸೆದುಬಿಡುತ್ತಿದ್ದರು. ಹಾಗಾಗಿ ನೂರು ವರ್ಷ ದಾಟಿ ಉಳಿದು ಬಂದಿರುವ ಚಾಕುಗಳು ಲಕ್ಷಗಟ್ಟಲೆ ತಯಾರಾದವುಗಳಲ್ಲಿ ಒಂದು ಸಣ್ಣ ಪಾಲು ಮಾತ್ರ. ಕರ್ನಾಟಕದ ಹಳೆಯ ಮನೆಗಳ ಪೆಟ್ಟಿಗೆಗಳಿಂದ, ಕೊಡಗು ಮತ್ತು ಚಿಕ್ಕಮಗಳೂರಿನ ತೋಟದ ಬಂಗಲೆಗಳಿಂದ, ಗುಜರಿ ಅಂಗಡಿಗಳಿಂದ ಹೊರಬರುವ ವಿದೇಶಿ ಚಾಕುಗಳಲ್ಲಿ ಇಂಗ್ಲೆಂಡಿನ ಶೆಫೀಲ್ಡ್ ನಗರದವೇ ಹೆಚ್ಚಾಗಿ ಕಣ್ಣಿಗೆ ಬೀಳುತ್ತವೆ. ಆದ್ದರಿಂದ ಈ ಬರಹ ಶೆಫೀಲ್ಡ್ ಚಾಕುಗಳ ಮೇಲೆ ಹೆಚ್ಚು ಹೊತ್ತು ನಿಲ್ಲುತ್ತದೆ. ಅಮೆರಿಕ, ಸ್ವಿಟ್ಜರ್ಲೆಂಡ್, ಜರ್ಮನಿಗಳ ಚಾಕುಗಳನ್ನು ಅಗತ್ಯವಿದ್ದಲ್ಲಿ ಮಾತ್ರ ತರುತ್ತದೆ.

ಮುಂದಿನ ಎಲ್ಲ ಹಂತಗಳಿಗೂ ಆಧಾರವಾಗಿರುವ ನಿಯಮ ಒಂದೇ. ಚಾಕುವಿನ ಮೇಲಿರುವ ಅತ್ಯಂತ ಹಳೆಯ ಗುರುತು ಅದರ ವಯಸ್ಸನ್ನು ತೀರ್ಮಾನಿಸುವುದಿಲ್ಲ, ಅದರಲ್ಲಿರುವ ಅತ್ಯಂತ ಹೊಸ ಅಂಶ ತೀರ್ಮಾನಿಸುತ್ತದೆ. ಮಾರುವವರು ಯಾವಾಗಲೂ ಮೊದಲನೆಯದನ್ನು ತೋರಿಸುತ್ತಾರೆ, ಕೊಳ್ಳುವವರು ಎರಡನೆಯದನ್ನು ಹುಡುಕಬೇಕು.

ಹಂತ 1: ಚಾಕುವಿನ ಅಂಗಗಳನ್ನು ತಿಳಿಯುವುದು

ಮಡಚುವ ಚಾಕುವಿನಲ್ಲಿ ಕತ್ತರಿಸುವ ಭಾಗ ಅಲಗು. ಅಲಗು ಹಿಡಿಯೊಳಗೆ ಸೇರುವಲ್ಲಿ ಹರಿತವಿಲ್ಲದ ಒಂದು ದಪ್ಪ ಬುಡ ಇರುತ್ತದೆ. ತಯಾರಕರ ಮುದ್ರೆ ಬೀಳುವುದು ಬಹುಪಾಲು ಇಲ್ಲಿಯೇ. ಅಲಗಿನ ಮೇಲಂಚಿನ ಹತ್ತಿರ ಉಗುರು ಸಿಕ್ಕಿಸಿ ತೆರೆಯಲು ಮಾಡಿದ ಸಣ್ಣ ಗೀರು ಉಗುರುಗೀರು. ಹಿಡಿಯ ಬೆನ್ನಿಗೆ ಉದ್ದಕ್ಕೂ ಉಕ್ಕಿನ ಸ್ಪ್ರಿಂಗ್ ಇದ್ದು, ಅಲಗನ್ನು ತೆರೆದಾಗಲೂ ಮಡಚಿದಾಗಲೂ ಅದೇ ಬಿಗಿಹಿಡಿಯುತ್ತದೆ. ಹಿಡಿಯ ಒಳಗೋಡೆಗಳು ಹಿತ್ತಾಳೆ ಅಥವಾ ಕಬ್ಬಿಣದ ತಗಡುಗಳು. ಅವುಗಳ ಮೇಲೆ ಕೊಂಬು, ಎಲುಬು, ಮರ, ಮುತ್ತಿನ ಚಿಪ್ಪು ಮೊದಲಾದವುಗಳ ಹೊದಿಕೆಯನ್ನು ರಿವೆಟ್ ಹೊಡೆದು ಕೂರಿಸುತ್ತಾರೆ. ಹಿಡಿಯ ತುದಿಗಳಿಗೆ ಇರುವ ಲೋಹದ ಕಟ್ಟನ್ನು ಬೋಲ್ಸ್ಟರ್ ಎನ್ನುತ್ತಾರೆ, ಹೊದಿಕೆಯ ನಡುವೆ ಕೂರಿಸಿದ ಪುಟ್ಟ ಲೋಹದ ಬಿಲ್ಲೆಯನ್ನು ಶೀಲ್ಡ್ ಎನ್ನುತ್ತಾರೆ.

ಇದರ ಜೊತೆಗೆ ಮುಖ್ಯ ನಮೂನೆಗಳನ್ನೂ ತಿಳಿದಿರಬೇಕು. ಎಲ್ಲ ಅಲಗುಗಳೂ ಒಂದೇ ತುದಿಯಿಂದ ತೆರೆದುಕೊಳ್ಳುವ ಗಟ್ಟಿಮುಟ್ಟಾದ ಚಾಕು ಜ್ಯಾಕ್. ಹಕ್ಕಿಯ ಗರಿಯ ಲೇಖನಿಯನ್ನು ಚೂಪು ಮಾಡಲು ಹುಟ್ಟಿಕೊಂಡ ಸಣ್ಣ, ತೆಳು ಚಾಕು ಪೆನ್‌ನೈಫ್. ಉದ್ದನೆಯ ಬೋಲ್ಸ್ಟರ್ ಇರುವ ಅಗ್ಗದ ಕೆಲಸದ ಚಾಕು ಬಾರ್ಲೋ. ಗಿಡ ಸವರಲು ಕೊಕ್ಕಿನಂತೆ ಬಾಗಿದ ಅಲಗು ಇರುವುದು ಪ್ರೂನಿಂಗ್ ಚಾಕು; ತೋಟಗಳಿರುವ ನಮ್ಮ ಜಿಲ್ಲೆಗಳಲ್ಲಿ ಇದನ್ನು ವಿಶೇಷವಾಗಿ ಹುಡುಕಬಹುದು. ಬೇಟೆಗಾರರ ಚಾಕುವಿನಲ್ಲಿ ಅಲಗಿನ ಜೊತೆಗೆ ಗರಗಸ, ಕಾರ್ಕ್ ತೆಗೆಯುವ ತಿರುಪು ಮತ್ತು ಬಂದೂಕಿನಲ್ಲಿ ಸಿಕ್ಕಿಕೊಂಡ ತೋಟಾ ಕೀಳುವ ಸಾಧನ ಇರುತ್ತವೆ.

ಹಂತ 2: ಕೈಗೆತ್ತಿಕೊಂಡು ನೋಡುವ ಕ್ರಮ

ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ, ಸಣ್ಣ ಟಾರ್ಚ್, ಅಳತೆಪಟ್ಟಿ ಮತ್ತು ಆಯಸ್ಕಾಂತ, ಇಷ್ಟಿದ್ದರೆ ಸಾಕು. ಮೊದಲು ಚಾಕುವನ್ನು ಮಡಚಿದ ಸ್ಥಿತಿಯಲ್ಲಿಯೇ ಸುತ್ತಲೂ ನೋಡಿ, ಆಮೇಲೆ ಒಂದೊಂದೇ ಅಲಗನ್ನು ಎರಡು ಕೈಗಳಿಂದ ನಿಧಾನವಾಗಿ ತೆರೆಯಬೇಕು. ಹಲವು ವರ್ಷ ಮುಚ್ಚಿಯೇ ಇದ್ದ ಚಾಕುವಿನ ಕೀಲು ಬಿಗಿದಿರುತ್ತದೆ. ಬಲ ಹಾಕಿದರೆ ಉಗುರು ಮುರಿಯುವುದು ಒಂದು ಕಡೆಯಾದರೆ, ಅಲಗು ತಟ್ಟನೆ ಹಿಂದಿರುಗಿ ಬೆರಳು ಕುಯ್ಯುವುದು ಇನ್ನೊಂದು. ಕೀಲಿಗೆ ಎರಡು ಹನಿ ಎಣ್ಣೆ ಬಿಟ್ಟು ಒಂದು ರಾತ್ರಿ ಇಟ್ಟರೆ ಬಹುತೇಕ ಚಾಕುಗಳು ತಾವಾಗಿಯೇ ಸಡಿಲಗೊಳ್ಳುತ್ತವೆ. ಮಡಚುವಾಗಲೂ ಅಲಗನ್ನು ಟಪ್ಪೆಂದು ಬೀಳಲು ಬಿಡಬಾರದು, ಏಕೆಂದರೆ ಹರಿತ ಅಂಚು ಸ್ಪ್ರಿಂಗಿಗೆ ತಾಗಿ ಹಲ್ಲು ಬೀಳುತ್ತದೆ.

ಆಯಸ್ಕಾಂತದ ಬಳಕೆಗೆ ಮಿತಿಯಿದೆ. ನಿಕ್ಕಲ್ ಸಿಲ್ವರ್ ಎಂಬ ಮಿಶ್ರಲೋಹದ ಬೋಲ್ಸ್ಟರ್ ಅದಕ್ಕೆ ಅಂಟುವುದಿಲ್ಲ. ಕಬ್ಬಿಣದ್ದಾಗಲಿ, ಕಬ್ಬಿಣಕ್ಕೆ ಬೇರೆ ಲೋಹದ ಲೇಪ ಕೊಟ್ಟದ್ದಾಗಲಿ ಅಂಟುತ್ತದೆ. ಆದರೆ ಅಲಗು ಸ್ಟೇನ್‌ಲೆಸ್ ಹೌದೋ ಅಲ್ಲವೋ ಎಂಬುದನ್ನು ಆಯಸ್ಕಾಂತ ಹೇಳಲಾರದು, ಏಕೆಂದರೆ ಚಾಕುಗಳಿಗೆ ಬಳಸುವ ಸ್ಟೇನ್‌ಲೆಸ್ ಉಕ್ಕು ಸಹ ಅದಕ್ಕೆ ಅಂಟುತ್ತದೆ.

ಹಂತ 3: ಮುದ್ರೆಯನ್ನು ಓದುವುದು

ಶೆಫೀಲ್ಡಿನಲ್ಲಿ ಚಾಕು ತಯಾರಕರ ಗುರುತುಗಳನ್ನು ದಾಖಲಿಸುವ ಪದ್ಧತಿ ಬಹಳ ಹಳೆಯದು. ಹ್ಯಾಲಮ್‌ಶೈರ್ ಕಟ್ಲರ್ಸ್ ಕಂಪನಿ ಎಂಬ ವೃತ್ತಿಸಂಘ 1624ರಲ್ಲಿ ಪಾರ್ಲಿಮೆಂಟಿನ ಕಾಯಿದೆಯ ಮೂಲಕವೇ ಸ್ಥಾಪನೆಯಾಯಿತು. ಜೋಸೆಫ್ ರಾಡ್ಜರ್ಸ್ ಅಂಡ್ ಸನ್ಸ್ ಸಂಸ್ಥೆಯ ನಕ್ಷತ್ರ ಮತ್ತು ಮಾಲ್ಟೀಸ್ ಶಿಲುಬೆಯ ಜೋಡಿ ಗುರುತು, ಜಾರ್ಜ್ ವೊಸ್ಟನ್‌ಹೋಮ್ ಸಂಸ್ಥೆಯ ‘ಐ ಎಕ್ಸ್ ಎಲ್’ ಅಕ್ಷರಗಳು, ಇವೆರಡನ್ನು ಸಂಗ್ರಾಹಕರು ಮೊದಲು ಕಲಿಯಬೇಕು. ರಾಡ್ಜರ್ಸ್ ಸಂಸ್ಥೆಯ ವಿಳಾಸವಾದ ನಾರ್ಫೋಕ್ ಸ್ಟ್ರೀಟ್ ಎಂಬ ಹೆಸರೂ ಕೆಲವು ಅಲಗುಗಳ ಮೇಲೆ ಕಾಣುತ್ತದೆ. ಈ ಸಂಸ್ಥೆ ಲಂಡನ್ನಿನ 1851ರ ಮಹಾ ಪ್ರದರ್ಶನಕ್ಕಾಗಿ 75 ಅಲಗುಗಳ ಒಂದು ದೈತ್ಯ ಚಾಕುವನ್ನು ಮಾಡಿತ್ತು, ಅದು ಈಗಲೂ ಶೆಫೀಲ್ಡಿನ ಕಟ್ಲರ್ಸ್ ಹಾಲ್‌ನಲ್ಲಿದೆ.

ಮುದ್ರೆಯಲ್ಲಿ ತಯಾರಕರ ಹೆಸರಿಗಿಂತ ಉಪಯುಕ್ತವಾದ ಸುಳಿವುಗಳು ಅದರ ಸುತ್ತಲಿನ ಸಣ್ಣಪುಟ್ಟ ಪದಗಳು. ರಾಜಮನೆತನದ ಮಾನ್ಯತೆ ಪಡೆದ ಸಂಸ್ಥೆಗಳು ಕಿರೀಟದ ಎರಡು ಬದಿಗೆ ಆಳುವವರ ಹೆಸರಿನ ಮೊದಲಕ್ಷರವನ್ನೂ ರಾಜ ಅಥವಾ ರಾಣಿ ಎಂದು ಸೂಚಿಸುವ ‘ಆರ್’ ಅಕ್ಷರವನ್ನೂ ಒತ್ತುತ್ತಿದ್ದವು. ‘ಡಬ್ಲ್ಯು ಆರ್’ ಇದ್ದರೆ ನಾಲ್ಕನೆಯ ವಿಲಿಯಂನ ಕಾಲ, ಅಂದರೆ 1830ರಿಂದ 1837. ‘ವಿ ಆರ್’ ಇದ್ದರೆ ವಿಕ್ಟೋರಿಯಾ ಕಾಲ, 1837ರಿಂದ 1901. ತೊಡಕು ಬರುವುದು ಉಳಿದ ಎರಡರಲ್ಲಿ. ‘ಇ ಆರ್’ ಎಂದರೆ 1901ರಿಂದ 1910ರವರೆಗೆ ಆಳಿದ ಏಳನೆಯ ಎಡ್ವರ್ಡ್ ಆಗಬಹುದು, 1952ರಲ್ಲಿ ಪಟ್ಟಕ್ಕೆ ಬಂದ ಎರಡನೆಯ ಎಲಿಜಬೆತ್ ಕೂಡ ಆಗಬಹುದು. ‘ಜಿ ಆರ್’ ಎಂದರೆ 1820ರ ದಶಕದ ನಾಲ್ಕನೆಯ ಜಾರ್ಜ್, 1910ರಿಂದ 1936ರವರೆಗಿನ ಐದನೆಯ ಜಾರ್ಜ್, ಅಥವಾ ಆತನ ನಂತರದ ಆರನೆಯ ಜಾರ್ಜ್.

ಹೀಗೊಂದು ಚಾಕು ಕೈಗೆ ಬಂತೆನ್ನಿ: ಕಡವೆಕೊಂಬಿನ ಹಿಡಿ, ಎರಡು ಅಲಗು, ದೊಡ್ಡ ಅಲಗಿನ ಬುಡದಲ್ಲಿ ಕಿರೀಟ ಮತ್ತು ‘ಜಿ ಆರ್’. ಅಂಗಡಿಯವರು ಇದು ಇನ್ನೂರು ವರ್ಷ ಹಳೆಯದು, ನಾಲ್ಕನೆಯ ಜಾರ್ಜನ ಕಾಲದ್ದು ಎನ್ನುತ್ತಾರೆ. ಅದೇ ಬುಡವನ್ನು ತಿರುಗಿಸಿ ಹಿಂಬದಿ ನೋಡಿದರೆ ‘ಶೆಫೀಲ್ಡ್’ ಎಂಬುದರ ಕೆಳಗೆ ‘ಇಂಗ್ಲೆಂಡ್’ ಎಂದು ಒತ್ತಲಾಗಿದೆ. ಅಮೆರಿಕದ 1890ರ ಮೆಕಿನ್ಲಿ ಸುಂಕ ಕಾಯಿದೆಯು ಆಮದಾಗುವ ಸರಕಿನ ಮೇಲೆ ತಯಾರಾದ ದೇಶದ ಹೆಸರು ಇರಲೇಬೇಕೆಂದು ವಿಧಿಸಿತು. ಈ ನಿಯಮ 1891ರ ಮಾರ್ಚಿನಿಂದ ಜಾರಿಗೆ ಬಂದ ಮೇಲೆ ದೇಶದ ಹೆಸರು ಒತ್ತುವುದು ರೂಢಿಯಾಯಿತು. ಆದ್ದರಿಂದ ಈ ಚಾಕು ಐದನೆಯ ಅಥವಾ ಆರನೆಯ ಜಾರ್ಜನ ಕಾಲದ್ದೇ ಹೊರತು 1820ರ ದಶಕದ್ದಲ್ಲ. ಸಣ್ಣ ಅಲಗಿನ ಮೇಲೆ ‘ಸ್ಟೇನ್‌ಲೆಸ್’ ಎಂದೂ ಇದ್ದರೆ ಯಾವ ಅನುಮಾನವೂ ಉಳಿಯುವುದಿಲ್ಲ, ಏಕೆಂದರೆ ಹ್ಯಾರಿ ಬ್ರಿಯರ್ಲಿ ಶೆಫೀಲ್ಡಿನಲ್ಲಿ ತುಕ್ಕು ಹಿಡಿಯದ ಉಕ್ಕನ್ನು ಕಂಡುಕೊಂಡದ್ದು 1913ರಲ್ಲಿ. ಆದರೆ ಇದನ್ನು ತಿರುಗಿಸಿ ಓದಬಾರದು. ದೇಶದ ಹೆಸರು ಇಲ್ಲ ಎಂದ ಮಾತ್ರಕ್ಕೆ ಚಾಕು 1891ಕ್ಕಿಂತ ಹಳೆಯದೆಂದು ಹೇಳಲಾಗದು. ಬ್ರಿಟನ್ನಿನ ಒಳಗೇ ಮಾರಾಟವಾಗುವ ಚಾಕುಗಳಿಗೆ ‘ಶೆಫೀಲ್ಡ್’ ಎಂದಷ್ಟೇ ಒತ್ತಿ ಬಿಟ್ಟದ್ದೂ ಉಂಟು.

ಮುದ್ರೆಯಲ್ಲಿಯೇ ಇಸವಿ ಕಂಡರೆ ಇನ್ನಷ್ಟು ಜಾಗ್ರತೆ ಬೇಕು. ಜರ್ಮನಿಯ ಸೋಲಿಂಗೆನ್ ನಗರದ ಹೆಂಕಲ್ಸ್ ಸಂಸ್ಥೆಯ ಅವಳಿ ಮಕ್ಕಳ ಗುರುತು ದಾಖಲಾದ ವರ್ಷ 1731. ಇಂಥ ವರ್ಷಗಳು ಗುರುತಿನ ಇಲ್ಲವೇ ಸಂಸ್ಥೆಯ ಹುಟ್ಟನ್ನು ಹೇಳುತ್ತವೆಯೇ ಹೊರತು ನಿಮ್ಮ ಕೈಯಲ್ಲಿರುವ ಚಾಕುವಿನದನ್ನಲ್ಲ. ಇದಕ್ಕೆ ಎರಡು ಒಳ್ಳೆಯ ಅಪವಾದಗಳಿವೆ. ಬ್ರಿಟಿಷ್ ಸೇನೆಯ ಜ್ಯಾಕ್ ಚಾಕುಗಳ ಮೇಲೆ ಸರ್ಕಾರಿ ಸ್ವತ್ತನ್ನು ಸೂಚಿಸುವ ಬಾಣದ ಗುರುತಿನೊಂದಿಗೆ ತಯಾರಿಕೆಯ ವರ್ಷವೂ ಇರುವುದುಂಟು. ಸ್ವಿಟ್ಜರ್ಲೆಂಡಿನ ಸೈನಿಕರ ಚಾಕುಗಳಲ್ಲಿ, ಮುಖ್ಯವಾಗಿ 1961ರ ಅಲ್ಯೂಮಿನಿಯಂ ಹಿಡಿಯ ಮಾದರಿಯಲ್ಲಿ, ಅಲಗಿನ ಬುಡದಲ್ಲಿ ವರ್ಷದ ಕೊನೆಯ ಎರಡಂಕಿ ಇರುತ್ತದೆ.

ಅಮೆರಿಕದ ಕೇಸ್ ಸಂಸ್ಥೆ ಸಂಗ್ರಾಹಕರಿಗೆ ದೊಡ್ಡ ಉಪಕಾರವನ್ನೇ ಮಾಡಿದೆ. ಅದರ ‘ಕೇಸ್ ಎಕ್ಸ್ ಎಕ್ಸ್’ ಮುದ್ರೆ 1940ರಿಂದ 1964ರವರೆಗಿನದು, ಅದರ ಕೆಳಗೆ ‘ಯು ಎಸ್ ಎ’ ಸೇರಿದರೆ 1965ರಿಂದ 1969. ಮುಂದೆ 1970ರಲ್ಲಿ ಮುದ್ರೆಗೆ ಹತ್ತು ಚುಕ್ಕೆಗಳನ್ನು ಸೇರಿಸಿ ವರ್ಷಕ್ಕೊಂದರಂತೆ ತೆಗೆಯುತ್ತ ಬಂದರು. ಮೂರು ಚುಕ್ಕೆ ಇದ್ದರೆ 1977ರ ಚಾಕು ಎಂದು ನೇರವಾಗಿ ಹೇಳಬಹುದು. ಅಲಗಿನ ಮೇಲಿನ ಮಾದರಿ ಸಂಖ್ಯೆಗೂ ಅರ್ಥವಿದೆ. 6254 ಎಂದಿದ್ದರೆ 6 ಎಂಬುದು ಎಲುಬಿನ ಹಿಡಿ, 2 ಎಂಬುದು ಅಲಗುಗಳ ಸಂಖ್ಯೆ, 54 ಎಂಬುದು ನಮೂನೆ. ಸಂಖ್ಯೆ 6ರಿಂದ ಶುರುವಾಗಿ ಹಿಡಿ ಹಳದಿ ಪ್ಲಾಸ್ಟಿಕ್ಕಿನದಾಗಿದ್ದರೆ ಹಿಡಿಯನ್ನೋ ಅಲಗನ್ನೋ ಯಾರೋ ಬದಲಾಯಿಸಿದ್ದಾರೆ ಎಂದರ್ಥ.

ಬೆಳ್ಳಿಯ ಹಣ್ಣಿನ ಚಾಕುಗಳನ್ನು ಹೊಸಬರು ಸಾಮಾನ್ಯವಾಗಿ ಕಡೆಗಣಿಸುತ್ತಾರೆ, ಆದರೆ ಕಲಿಯಲು ಇದಕ್ಕಿಂತ ಒಳ್ಳೆಯ ಚಾಕು ಇಲ್ಲ ಎಂಬುದು ನನ್ನ ಅಭಿಪ್ರಾಯ. ಹಣ್ಣಿನ ಹುಳಿ ಹಳೆಯ ಉಕ್ಕನ್ನು ಕಪ್ಪಾಗಿಸುತ್ತಿದ್ದುದರಿಂದ ಶ್ರೀಮಂತರು ಬೆಳ್ಳಿಯ ಅಲಗು ಮತ್ತು ಮುತ್ತಿನ ಚಿಪ್ಪಿನ ಹಿಡಿ ಇರುವ ಪುಟ್ಟ ಚಾಕುಗಳನ್ನು ಇಟ್ಟುಕೊಳ್ಳುತ್ತಿದ್ದರು. ಬೆಳ್ಳಿಯಾದ್ದರಿಂದ ಅಲಗಿನ ಮೇಲೆ ಪರೀಕ್ಷಾಲಯದ ಮುದ್ರೆಗಳು ಸಾಲಾಗಿ ಸಿಗುತ್ತವೆ: ನಡೆಯುವ ಸಿಂಹವೆಂದರೆ ಅಪ್ಪಟ ಬೆಳ್ಳಿ, ಕಿರೀಟವೆಂದರೆ ಶೆಫೀಲ್ಡ್, ಲಂಗರು ಇದ್ದರೆ ಬರ್ಮಿಂಗ್‌ಹ್ಯಾಮ್, ಒಂದು ಅಕ್ಷರ ವರ್ಷಕ್ಕೆ, ಉಳಿದ ಅಕ್ಷರಗಳು ತಯಾರಕರಿಗೆ. ಇವುಗಳ ಜೊತೆಗೆ ರಾಜನ ಅಥವಾ ರಾಣಿಯ ತಲೆಯೂ ಇದ್ದರೆ ಅದು ತೆರಿಗೆ ಸಂದಾಯವಾದ ಗುರುತು. 1890ರಲ್ಲಿ ತೆರಿಗೆ ರದ್ದಾದ ಮೇಲೆ ಆ ತಲೆ ಕಾಣುವುದಿಲ್ಲ. ಶೆಫೀಲ್ಡಿನಲ್ಲಿ 1824ರವರೆಗೆ ವರ್ಷದ ಅಕ್ಷರಗಳು ವರ್ಣಮಾಲೆಯ ಕ್ರಮದಲ್ಲಿ ಇರಲಿಲ್ಲವಾದ್ದರಿಂದ, ಅದಕ್ಕಿಂತ ಹಿಂದಿನ ಚಾಕುವಾದರೆ ಅಕ್ಷರಗಳ ಪಟ್ಟಿಯನ್ನು ತಪ್ಪದೆ ನೋಡಬೇಕು. ಉಕ್ಕಿನ ಚಾಕುವಿಗೆ ದಶಕಗಳ ಲೆಕ್ಕದಲ್ಲಿ ವಯಸ್ಸು ಹೇಳುವಲ್ಲಿ ಬೆಳ್ಳಿಯ ಚಾಕುವಿಗೆ ವರ್ಷದ ಲೆಕ್ಕದಲ್ಲಿಯೇ ಹೇಳಬಹುದು.

ಹಂತ 4: ಸಾಧನಗಳಿಂದ ಕಾಲ ತಿಳಿಯುವುದು

ಅನೇಕ ಅಲಗುಗಳಿರುವ ಚಾಕುವಿನಲ್ಲಿ ಒಂದೊಂದು ಸಾಧನವೂ ತನ್ನ ಹುಟ್ಟಿನ ಕಾಲವನ್ನು ಹೇಳುತ್ತದೆ. ಸೋಡಾ ಬಾಟಲಿಯ ಅಂಚುಮಡಚಿದ ತಗಡಿನ ಮುಚ್ಚಳ ಬಂದದ್ದು 1892ರಲ್ಲಿ. ಅದನ್ನು ತೆಗೆಯುವ ಕೊಕ್ಕೆ ಇರುವ ಚಾಕು ಅದಕ್ಕಿಂತ ಹಿಂದಿನದಾಗಿರಲು ಸಾಧ್ಯವಿಲ್ಲ. ತುದಿಯು ಕೂಡು ಚಿಹ್ನೆಯ (+) ಆಕಾರದಲ್ಲಿರುವ ಫಿಲಿಪ್ಸ್ ಸ್ಕ್ರೂಡ್ರೈವರ್ ಕಂಡರೆ 1930ರ ದಶಕದ ನಂತರದ್ದು. ಬೇಟೆಗಾರರ ಚಾಕುವಿನಲ್ಲಿ ಬಂದೂಕಿನ ನಳಿಗೆಯ ಅಳತೆಯಾದ 12 ಎಂಬ ಅಂಕಿ ಇರುವ ತೋಟಾ ಕೀಳುವ ಸಾಧನವಿದ್ದರೆ ಅದು ಹಿಂಬದಿಯಿಂದ ತೋಟಾ ತುಂಬುವ ಬಂದೂಕುಗಳು ಬಳಕೆಗೆ ಬಂದ, ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದ ಅಥವಾ ಅದಕ್ಕೂ ಈಚಿನ ಚಾಕು. ಕಾರ್ಕ್ ತೆಗೆಯುವ ತಿರುಪು ಇವೆಲ್ಲಕ್ಕಿಂತ ಹಳೆಯದಾದ್ದರಿಂದ ಅದೊಂದರಿಂದ ಏನೂ ಸಿದ್ಧವಾಗುವುದಿಲ್ಲ.

ಹಂತ 5: ಹಿಡಿಯ ವಸ್ತುವನ್ನು ಗುರುತಿಸುವುದು

ಬೆಲೆಯಲ್ಲಿ ದೊಡ್ಡ ವ್ಯತ್ಯಾಸ ತರುವುದು ಹಿಡಿಯ ಹೊದಿಕೆ, ಮೋಸ ಹೆಚ್ಚು ನಡೆಯುವುದೂ ಇಲ್ಲಿಯೇ. ದಂತದಂತೆ ಕಾಣುವ ಹಿಡಿಯನ್ನು ಭೂತಗನ್ನಡಿಯಲ್ಲಿ ನೋಡಬೇಕು. ನಿಜವಾದ ಆನೆದಂತದ ಅಡ್ಡಕೊಯ್ತದಲ್ಲಿ ಒಂದನ್ನೊಂದು ಹಾದುಹೋಗುವ ಬಾಗಿದ ಗೆರೆಗಳ ಜಾಲ ಕಾಣುತ್ತದೆ. ಉದ್ದಕ್ಕೆ ಕೊಯ್ದ ಮುಖದಲ್ಲಿ ಸಮವಲ್ಲದ ಎಳೆಗಳು ಕಾಣುತ್ತವೆ. ಎಲುಬಿನಲ್ಲಿ ರಕ್ತನಾಳಗಳಿದ್ದ ಜಾಗದಲ್ಲಿ ಸಣ್ಣ ಕಪ್ಪು ಚುಕ್ಕೆ ಅಥವಾ ಗೀಟುಗಳಿರುತ್ತವೆ. ದಂತವನ್ನು ಅನುಕರಿಸಿದ ಸೆಲ್ಯುಲಾಯ್ಡ್ ಎಂಬ ಹಳೆಯ ಬಗೆಯ ಪ್ಲಾಸ್ಟಿಕ್ಕಿನಲ್ಲಿ ಗೆರೆಗಳು ಅಳತೆಪಟ್ಟಿ ಇಟ್ಟು ಎಳೆದಷ್ಟು ಸಮಾನಾಂತರವಾಗಿರುತ್ತವೆ. ಕೆಂಪಗೆ ಕಾಯಿಸಿದ ಸೂಜಿಯನ್ನು ಚುಚ್ಚಿ ಪರೀಕ್ಷಿಸುವ ಪದ್ಧತಿಯನ್ನು ಕೆಲವರು ಹೇಳುತ್ತಾರೆ, ಅದನ್ನು ಮಾಡಲೇಬಾರದು. ಅಸಲಿ ವಸ್ತುವಿಗೆ ಕಲೆಯಾಗುತ್ತದೆ, ಸೆಲ್ಯುಲಾಯ್ಡಾದರೆ ಹೊತ್ತಿಕೊಂಡು ಉರಿಯುತ್ತದೆ.

ಕೊಂಬಿನ ಹಿಡಿಗಳ ವಿಷಯದಲ್ಲಿ ನಮ್ಮ ನಾಡಿಗೆ ನೇರ ನಂಟಿದೆ. ಚಾಕು ಲೋಕದಲ್ಲಿ ‘ಇಂಡಿಯಾ ಸ್ಟ್ಯಾಗ್’ ಎಂದು ಕರೆಯುವ ಹೊದಿಕೆ ನಮ್ಮ ಕಾಡುಗಳ ಕಡವೆಯ ಕೊಂಬು. ಅದರ ಹೊರಪದರ ದಪ್ಪವಾಗಿದ್ದು ಒಳಗಿನ ಸ್ಪಂಜಿನಂಥ ಭಾಗ ಕಡಿಮೆ ಇರುವುದರಿಂದ ಶೆಫೀಲ್ಡ್ ಮತ್ತು ಸೋಲಿಂಗೆನ್ ತಯಾರಕರು ಇದನ್ನು ವಿಶೇಷವಾಗಿ ತರಿಸಿಕೊಳ್ಳುತ್ತಿದ್ದರು. ಉದುರಿದ ಕೊಂಬುಗಳ ವ್ಯಾಪಾರವನ್ನೂ ಭಾರತ 1990ರ ದಶಕದ ಕೊನೆಯಲ್ಲಿ ನಿಲ್ಲಿಸಿತು. ಕಡವೆಕೊಂಬನ್ನು ಅನುಕರಿಸಲು ದನದ ಎಲುಬಿಗೆ ಗೀರು ಕೊರೆದು ಕಂದು ಬಣ್ಣ ಹಾಕುತ್ತಾರೆ. ಅಸಲಿಯಲ್ಲಿ ಎರಡು ಬದಿಯ ಹೊದಿಕೆಗಳು ಎಂದೂ ಒಂದೇ ರೀತಿ ಇರುವುದಿಲ್ಲ, ಏರುತಗ್ಗುಗಳು ತಮಗೆ ಬೇಕಾದ ಹಾಗೆ ಹರಿಯುತ್ತವೆ, ಅಂಚಿನಲ್ಲಿ ಸಣ್ಣ ರಂಧ್ರಗಳ ಒಳಪದರ ಕಾಣಸಿಗುತ್ತದೆ. ಕೊರೆದ ಎಲುಬಿನಲ್ಲಿ ಗೀರುಗಳು ಯಂತ್ರದ ಲಯದಲ್ಲಿ ಬರುತ್ತವೆ. ಹಾಗೆಂದು ಕೊರೆದ ಎಲುಬನ್ನು ಕೀಳೆಂದು ತಳ್ಳುವಂತಿಲ್ಲ. ಅಮೆರಿಕದ ಹಳೆಯ ಹಸಿರು ಎಲುಬಿನ ಹಿಡಿಗಳಿಗೆ ಸಂಗ್ರಾಹಕರಲ್ಲಿ ಬಹಳ ಬೇಡಿಕೆಯಿದೆ.

ಸೆಲ್ಯುಲಾಯ್ಡಿನ ಬಗ್ಗೆ ಪ್ರತ್ಯೇಕವಾಗಿ ಹೇಳಬೇಕು. 1870ರ ಆಸುಪಾಸಿನಲ್ಲಿ ಬಂದ ಈ ವಸ್ತುವಿನಲ್ಲಿ ಕರ್ಪೂರ ಸೇರಿರುತ್ತದೆ. ಹಿಡಿಯನ್ನು ಬಟ್ಟೆಯಿಂದ ಉಜ್ಜಿ ಮೂಗಿನ ಬಳಿ ಹಿಡಿದರೆ ಕರ್ಪೂರದ ವಾಸನೆ ತಿಳಿಯುತ್ತದೆ. ವಯಸ್ಸಾದಂತೆ ಇದು ಒಡೆದು ಆಮ್ಲದ ಆವಿಯನ್ನು ಬಿಡತೊಡಗುತ್ತದೆ: ಮೊದಲು ಹಿಡಿಯ ಪಕ್ಕದ ಹಿತ್ತಾಳೆಯ ಮೇಲೆ ಹಸಿರು ಪುಡಿ, ಆಮೇಲೆ ಅಲಗಿನ ಮೇಲೆ ದಟ್ಟವಾದ ತುಕ್ಕು, ಕೊನೆಗೆ ಹಿಡಿಯೇ ಹರಳುಹರಳಾಗಿ ಉದುರುತ್ತದೆ. ಇದಕ್ಕೆ ಮದ್ದಿಲ್ಲ. ಒಂದು ಚಾಕುವಿನಿಂದ ಹೊರಟ ಆವಿ ಅದೇ ಪೆಟ್ಟಿಗೆಯ ಇತರ ಚಾಕುಗಳನ್ನೂ ತಿನ್ನುವುದರಿಂದ ಸೆಲ್ಯುಲಾಯ್ಡ್ ಹಿಡಿಯ ಎಲ್ಲ ಚಾಕುಗಳನ್ನೂ ಪ್ರತ್ಯೇಕವಾಗಿ, ಗಾಳಿಯಾಡುವಲ್ಲಿ ಇಡಬೇಕು.

ಹಂತ 6: ತಿದ್ದಿದ ಮತ್ತು ನಕಲಿ ಚಾಕುಗಳನ್ನು ಹಿಡಿಯುವುದು

ಪೂರ್ತಿ ನಕಲಿಗಿಂತ ಅರ್ಧ ಅಸಲಿಯಾದ ಚಾಕು ಹೆಚ್ಚು ಅಪಾಯಕಾರಿ. ಅಲಗು ಮುರಿದಿದ್ದ ಒಳ್ಳೆಯ ಹೆಸರಿನ ಚಾಕುವಿಗೆ ಬೇರೊಂದರ ಅಲಗು ಜೋಡಿಸುವುದು, ಒಡೆದ ಹಿಡಿಯನ್ನು ಬದಲಿಸುವುದು, ಸಾಮಾನ್ಯ ಚಾಕುವಿನ ಬುಡಕ್ಕೆ ಪ್ರಸಿದ್ಧ ಮುದ್ರೆಯನ್ನು ಹೊಸದಾಗಿ ಒತ್ತುವುದು, ಇವು ಮೂರು ಸಾಮಾನ್ಯ ಕೈಚಳಕಗಳು.

ಮೊದಲನೆಯದನ್ನು ಬೋಲ್ಸ್ಟರಿನ ಮೇಲೆ ಹಿಡಿಯಬಹುದು. ಅಲಗು ತಿರುಗುವ ಕೀಲಿನ ರಿವೆಟ್ ಬೋಲ್ಸ್ಟರಿನ ಮೂಲಕವೇ ಹಾದುಹೋಗುತ್ತದೆ. ಒಳ್ಳೆಯ ಚಾಕುಗಳಲ್ಲಿ ರಿವೆಟ್ ಕೂಡ ಬೋಲ್ಸ್ಟರಿನದೇ ಲೋಹದ್ದಾಗಿದ್ದು, ಅದರ ತಲೆಯನ್ನು ತಟ್ಟಿ, ಅರೆದು, ಹೊಳಪು ಕೊಟ್ಟ ಮೇಲೆ ಅದು ಎಲ್ಲಿದೆ ಎಂದೇ ತಿಳಿಯುವುದಿಲ್ಲ. ಬೋಲ್ಸ್ಟರನ್ನು ಓರೆಯಾಗಿ ಬೆಳಕಿಗೆ ಹಿಡಿದು ನಿಧಾನವಾಗಿ ವಾಲಿಸಬೇಕು. ನಡುವೆ ಸಣ್ಣ ಉಂಗುರದಂಥ ಗೆರೆ, ಬಣ್ಣದ ವ್ಯತ್ಯಾಸ ಅಥವಾ ಸುತ್ತಿಗೆಯ ಚಪ್ಪಟೆ ಪೆಟ್ಟು ಕಂಡರೆ ಚಾಕುವನ್ನು ಒಮ್ಮೆ ಬಿಚ್ಚಿರುವ ಸಾಧ್ಯತೆ ಬಹಳ. ಆಮೇಲೆ ಅಲಗುಗಳ ಬಣ್ಣವನ್ನು ಹೋಲಿಸಬೇಕು. ನೂರು ವರ್ಷ ಒಟ್ಟಿಗೇ ಇದ್ದ ಎರಡು ಅಲಗುಗಳಲ್ಲಿ ಒಂದು ಬೂದುಗಪ್ಪು, ಇನ್ನೊಂದು ಬೆಳ್ಳಗೆ ಇರಲು ಕಾರಣವಿಲ್ಲ. ಸವೆದು ನೂಲಿನಂತಾದ ದೊಡ್ಡ ಅಲಗಿನ ಪಕ್ಕದಲ್ಲಿ ಸಣ್ಣ ಅಲಗು ಹೊಸದಾಗಿಯೇ ಉಳಿದಿರುವುದು ಮಾತ್ರ ಸಹಜ, ಏಕೆಂದರೆ ಜನ ಅದನ್ನು ಬಳಸುತ್ತಿದ್ದುದೇ ಅಪರೂಪ.

ಬದಲಿಸಿದ ಹಿಡಿಯಲ್ಲಿ ಹೊದಿಕೆಗೂ ಬೋಲ್ಸ್ಟರಿಗೂ ನಡುವೆ ಕೂದಲೆಳೆಯ ಸಂದು ಇರುತ್ತದೆ, ಅಥವಾ ಎರಡರ ಮಟ್ಟ ಕೂಡುವುದಿಲ್ಲ. ಕಣ್ಣು ಮುಚ್ಚಿ ಬೆರಳು ಓಡಿಸಿದರೆ ಇದು ಕಣ್ಣಿಗಿಂತ ಬೇಗ ಗೊತ್ತಾಗುತ್ತದೆ. ಹೊಸದಾಗಿ ಒತ್ತಿದ ಮುದ್ರೆಯಲ್ಲಿ ಅಕ್ಷರಗಳ ತಳ ಹೊಳೆಯುತ್ತದೆ, ಸುತ್ತಲಿನ ಉಕ್ಕು ಹಳೆಯದಾಗಿರುತ್ತದೆ. ಹಳೆಯ ಮುದ್ರೆಯನ್ನು ಅರೆದು ತೆಗೆದು ಹೊಸದನ್ನು ಒತ್ತಿದ್ದರೆ ಬುಡ ತೆಳುವಾಗಿ, ಅಲಗು ಒಳತಗಡುಗಳ ನಡುವೆ ಅಲುಗಾಡುತ್ತದೆ.

ಹೆಸರಿನ ಕಾಗುಣಿತವನ್ನೂ ನೋಡಬೇಕು. ರಾಡ್ಜರ್ಸ್ ಹೆಸರಿನಲ್ಲಿ ಒಂದಕ್ಷರ ಹೆಚ್ಚುಕಡಿಮೆ ಮಾಡಿದ, ಅಥವಾ ಮೊದಲ ಹೆಸರನ್ನು ಬದಲಿಸಿದ ಚಾಕುಗಳು ಹತ್ತೊಂಬತ್ತನೆಯ ಶತಮಾನದಲ್ಲಿಯೇ ಮಾರುಕಟ್ಟೆಯಲ್ಲಿದ್ದವು. ಇವುಗಳಲ್ಲಿ ಕೆಲವು ಈಗ ತಮ್ಮದೇ ರೀತಿಯಲ್ಲಿ ಹಳೆಯ ವಸ್ತುಗಳು. ರಾಡ್ಜರ್ಸ್ ಬೆಲೆ ಕೊಡದೆ ಕೊಂಡರೆ ತಪ್ಪೇನಿಲ್ಲ. ಸಂಸ್ಥೆಗಳೇ ಹಳೆಯ ನಮೂನೆಗಳನ್ನು ಮತ್ತೆ ತಯಾರಿಸುವುದು ಇನ್ನೊಂದು ಬಗೆ. ಅಮೆರಿಕದ ರೆಮಿಂಗ್ಟನ್ ಸಂಸ್ಥೆಯ 1920ರ ದಶಕದ ‘ಬುಲೆಟ್’ ಚಾಕುಗಳನ್ನು, ಅಂದರೆ ಹಿಡಿಯ ಮೇಲೆ ಗುಂಡಿನ ಆಕಾರದ ಬಿಲ್ಲೆ ಇರುವವನ್ನು, 1982ರಿಂದ ಮತ್ತೆ ಮಾಡತೊಡಗಿದರು. ಅವು ನಕಲಿಯಲ್ಲ, ಆದರೆ ಹಳೆಯವೂ ಅಲ್ಲ.

ಹಂತ 7: ಸ್ಥಿತಿಯನ್ನು ಅಳೆಯುವುದು

ಅಲಗು ಎಷ್ಟು ಉಳಿದಿದೆ ಎಂಬುದು ಮೊದಲ ಪ್ರಶ್ನೆ. ಪದೇ ಪದೇ ಸಾಣೆ ಹಿಡಿಸಿದ ಅಲಗು ಅಗಲ ಕಳೆದುಕೊಂಡು, ಬುಡದ ಹತ್ತಿರ ಮೆಟ್ಟಿಲಿನಂತೆ ತಗ್ಗುತ್ತದೆ. ತುದಿ ಮುರಿದು ಮತ್ತೆ ರೂಪ ಕೊಟ್ಟಿದ್ದರೆ ಉಗುರುಗೀರು ತುದಿಗೆ ತೀರ ಹತ್ತಿರ ಬಂದಂತೆ ಕಾಣುತ್ತದೆ. ಅದೇ ನಮೂನೆಯ ಸರಿಯಾದ ಚಾಕುವಿನ ಚಿತ್ರದೊಂದಿಗೆ ಹೋಲಿಸಿದರೆ ಸಂಶಯ ತೀರುತ್ತದೆ. ಮಡಚಿದಾಗ ಅಲಗಿನ ತುದಿ ಹಿಡಿಯೊಳಗೆ ಅಡಗಿ ಕೂರಬೇಕು.

ಎರಡನೆಯದು ಸ್ಪ್ರಿಂಗ್. ಅಲಗು ಗಟ್ಟಿ ಸದ್ದಿನೊಂದಿಗೆ ತೆರೆದು ಅದೇ ಸದ್ದಿನೊಂದಿಗೆ ಮುಚ್ಚಿಕೊಳ್ಳಬೇಕು, ಎರಡು ಸ್ಥಿತಿಯಲ್ಲೂ ಸ್ಪ್ರಿಂಗಿನ ಬೆನ್ನು ಹಿಡಿಯೊಂದಿಗೆ ಸಮವಾಗಿರಬೇಕು. ಸದ್ದು ಸತ್ತ ಚಾಕುಗಳಲ್ಲಿ ಅರ್ಧಕ್ಕರ್ಧ ಕೇವಲ ಕೊಳೆ ತುಂಬಿದವು. ಟಾರ್ಚ್ ಹಿಡಿದು ಒಳಗೆ ನೋಡಿದರೆ ಜೇಬಿನ ಬಟ್ಟೆಯ ನೂಲು, ಹೊಗೆಸೊಪ್ಪಿನ ಪುಡಿ, ಗಟ್ಟಿಯಾದ ಎಣ್ಣೆ ಕಾಣುತ್ತವೆ. ಸ್ಪ್ರಿಂಗಿನಲ್ಲಿ ಅಡ್ಡ ಬಿರುಕಿದ್ದರೆ ಮಾತ್ರ ದೂರ ಉಳಿಯುವುದು ಒಳ್ಳೆಯದು.

ಎಂದೂ ಸಾಣೆ ಕಾಣದ, ಕಾರ್ಖಾನೆಯಿಂದ ಬಂದಂತೆಯೇ ಉಳಿದ ಚಾಕುವಿಗೆ ಸಂಗ್ರಾಹಕರು ಅತಿ ಹೆಚ್ಚಿನ ಬೆಲೆ ಕೊಡುತ್ತಾರೆ. ನನಗೆ ಮಾತ್ರ ಹದವಾಗಿ ಬಳಸಿ, ಯಾರೂ ತಿದ್ದದೆ ಬಿಟ್ಟ ಬೂದುಬಣ್ಣದ ಚಾಕು ಮೇಲೆನಿಸುತ್ತದೆ. ಪಾಲಿಶ್ ಚಕ್ರಕ್ಕೆ ಕೊಟ್ಟು ಕನ್ನಡಿಯಂತೆ ಹೊಳೆಯಿಸಿದ್ದನ್ನು ಯಾವ ಬೆಲೆಗೂ ಕೊಳ್ಳಬಾರದು. ಹೊಳಪಿನೊಂದಿಗೆ ಮುದ್ರೆಯ ಅಂಚುಗಳೂ ಹೋಗಿರುತ್ತವೆ.

ಹಂತ 8: ಹುಡುಕುವುದು ಮತ್ತು ಕೊಳ್ಳುವುದು

ಬೆಂಗಳೂರಿನ ಸಂಡೆ ಬಜಾರ್, ಮುಂಬಯಿಯ ಚೋರ್ ಬಜಾರ್, ಊರೂರಿನ ಗುಜರಿ ಅಂಗಡಿಗಳು, ಹಳೆಯ ಮನೆ ಕೆಡವುವಾಗ ನಡೆಯುವ ಸಾಮಾನು ಮಾರಾಟ, ಇವು ನಮಗೆ ಹತ್ತಿರದ ಮೂಲಗಳು. ಗುಜರಿಯವರಿಗೆ ಚಾಕುವಿನ ಹೆಸರಿಗಿಂತ ಹಿಡಿಯ ಬಣ್ಣ ಮುಖ್ಯವಾದ್ದರಿಂದ ಒಳ್ಳೆಯ ಮುದ್ರೆಯ ಮರದ ಹಿಡಿಯ ಚಾಕುಗಳು ಅಗ್ಗಕ್ಕೆ ಸಿಗುವುದುಂಟು. ಅಂತರಜಾಲದ ಹರಾಜಿನಲ್ಲಿ ಕೊಳ್ಳುವುದಾದರೆ ಎರಡು ಬದಿಯ ಹಿಡಿ, ಎಲ್ಲ ಅಲಗುಗಳ ಬುಡದ ಎರಡು ಮುಖ, ಬೆನ್ನಿನ ಸ್ಪ್ರಿಂಗ್, ಬೋಲ್ಸ್ಟರ್, ಇಷ್ಟರ ಚಿತ್ರಗಳನ್ನು ಕೇಳಿ ಪಡೆಯಬೇಕು. ಕೊಡಲು ಹಿಂಜರಿದರೆ ಅಲ್ಲಿಗೇ ಕೈಬಿಡಬಹುದು.

ಎಲ್ಲ ಬಗೆಯನ್ನೂ ಕೊಳ್ಳುವ ಸಂಗ್ರಹ ಬೇಗ ಸೊರಗುತ್ತದೆ. ಪ್ರೂನಿಂಗ್ ಚಾಕುಗಳು, ಸೇನೆಯ ಜ್ಯಾಕ್ ಚಾಕುಗಳು, ಬೆಳ್ಳಿಯ ಹಣ್ಣಿನ ಚಾಕುಗಳು ಅಥವಾ ಒಂದೇ ಸಂಸ್ಥೆಯ ಚಾಕುಗಳು, ಹೀಗೆ ಒಂದನ್ನು ಹಿಡಿದರೆ ಕಣ್ಣು ಬೇಗ ಪಳಗುತ್ತದೆ.

ಹಂತ 9: ಕಾನೂನಿನ ಎಚ್ಚರಿಕೆಗಳು

ಆನೆದಂತದ ಹಿಡಿಯ ಚಾಕುವನ್ನು ಭಾರತದಲ್ಲಿ ಕೊಳ್ಳುವುದಾಗಲಿ ಮಾರುವುದಾಗಲಿ ಬೇಡ. ವನ್ಯಜೀವಿ ಸಂರಕ್ಷಣಾ ಕಾಯಿದೆ 1972ರಲ್ಲಿ ಬಂದಿತು, ಆನಂತರದ ತಿದ್ದುಪಡಿಗಳು ದಂತದ ವ್ಯಾಪಾರವನ್ನು ಪೂರ್ತಿ ನಿಷೇಧಿಸಿವೆ; ಮಾಲೀಕತ್ವದ ಪ್ರಮಾಣಪತ್ರ ಇರುವ ವಸ್ತುವನ್ನೂ ಮಾರುವಂತಿಲ್ಲ. ಕಡವೆಕೊಂಬಿಗೂ ಇದೇ ಕಾಯಿದೆ ಅನ್ವಯಿಸುತ್ತದೆ. 2023ರಲ್ಲಿ ಹುಲಿಯುಗುರಿನ ಪದಕಗಳ ವಿಷಯ ರಾಜ್ಯದಲ್ಲಿ ಎಷ್ಟು ಸದ್ದು ಮಾಡಿತೆಂಬುದು ಓದುಗರಿಗೆ ನೆನಪಿರಬಹುದು. ಅಜ್ಜನ ಕಾಲದ್ದೆಂಬ ಸಮಜಾಯಿಷಿ ಅರಣ್ಯ ಇಲಾಖೆಯ ಮುಂದೆ ತಾನಾಗಿಯೇ ನಿಲ್ಲುವುದಿಲ್ಲ. ಮನೆಯಲ್ಲಿ ಇಂಥ ಚಾಕು ಇದ್ದರೆ ಇಲಾಖೆಯನ್ನೇ ಕೇಳಿ ಮುಂದುವರಿಯಬೇಕು. ಹೊಸದಾಗಿ ಸಂಗ್ರಹ ಕಟ್ಟುವವರು ಮರ, ದನದ ಎಲುಬು, ಮುತ್ತಿನ ಚಿಪ್ಪು ಮತ್ತು ಲೋಹದ ಹಿಡಿಗಳಿಗೆ ಸೀಮಿತರಾದರೆ ತಲೆನೋವಿಲ್ಲ.

ನೂರು ವರ್ಷ ಮೀರಿದ, ಚಾರಿತ್ರಿಕ ಮಹತ್ವವಿರುವ ವಸ್ತುಗಳು 1972ರದೇ ಇನ್ನೊಂದು ಕಾಯಿದೆಯ ಪ್ರಕಾರ ಪುರಾವಸ್ತುಗಳಾಗುತ್ತವೆ, ಅವುಗಳನ್ನು ಖಾಸಗಿಯವರು ದೇಶದ ಹೊರಗೆ ಸಾಗಿಸುವಂತಿಲ್ಲ. ವಿದೇಶದಲ್ಲಿರುವ ಮಕ್ಕಳಿಗೋ ನೆಂಟರಿಗೋ ಹಳೆಯ ಚಾಕು ಕಳುಹಿಸುವ ಮುನ್ನ ಪುರಾತತ್ವ ಸರ್ವೇಕ್ಷಣ ಇಲಾಖೆಯಿಂದ ಅದು ಪುರಾವಸ್ತುವಲ್ಲವೆಂಬ ಪ್ರಮಾಣಪತ್ರ ಪಡೆಯಬೇಕು. ಗುಂಡಿ ಒತ್ತಿದರೆ ಅಲಗು ಚಿಮ್ಮುವ ಚಾಕುಗಳ ಮೇಲೆ ಹಲವು ಕಡೆ ನಿರ್ಬಂಧಗಳಿರುವುದರಿಂದ ಅವುಗಳ ಗೊಡವೆ ಬೇಡ. ವಿಮಾನದಲ್ಲಿ ಯಾವ ಚಾಕುವೂ ಕೈಚೀಲದಲ್ಲಿ ಇರಬಾರದು.

ಹಂತ 10: ಶುಚಿಗೊಳಿಸುವುದು ಮತ್ತು ಮಳೆಗಾಲದಲ್ಲಿ ಕಾಪಾಡುವುದು

ಹಳೆಯ ಉಕ್ಕಿನ ಬೂದುಗಪ್ಪು ಬಣ್ಣ ರೋಗವಲ್ಲ, ಅದು ರಕ್ಷಣೆಯ ಪದರ. ಅದನ್ನು ಹಾಗೆಯೇ ಬಿಡಬೇಕು. ಉಜ್ಜಿದರೆ ಕೈಗೆ ಹತ್ತುವ ಕೆಂಪು ತುಕ್ಕನ್ನು ಮಾತ್ರ ತೆಗೆಯಬೇಕು. ಅದಕ್ಕೆ ಎಣ್ಣೆ ಹಚ್ಚಿ ಒಂದು ದಿನ ಬಿಟ್ಟು, ಹಲ್ಲುಕಡ್ಡಿ ಅಥವಾ ತಾಮ್ರದ ತುಂಡಿನ ಅಂಚಿನಿಂದ ಮೃದುವಾಗಿ ಕೆರೆದರೆ ಸಾಕು. ತಾಮ್ರ ಉಕ್ಕಿಗಿಂತ ಮೆತ್ತಗಿರುವುದರಿಂದ ಗೀರು ಬೀಳುವುದಿಲ್ಲ. ಮರಳುಕಾಗದ, ಹುಣಸೆಹುಳಿ, ನಿಂಬೆರಸ ಯಾವುದೂ ಬೇಡ. ಹಿತ್ತಾಳೆಗೆ ಒಗ್ಗುವ ಹುಳಿ ಅಲಗನ್ನು ಸುಡುತ್ತದೆ. ನೀರಿನಲ್ಲಿ ನೆನೆಸುವುದಂತೂ ಎಲುಬು, ಕೊಂಬು, ಮರಗಳ ಹಿಡಿಗೆ ಬಿರುಕು ತರಿಸುತ್ತದೆ.

ಕೀಲಿಗೆ ಹೊಲಿಗೆ ಯಂತ್ರದ ತೆಳು ಎಣ್ಣೆ ಬಿಡಬೇಕು. ಮನೆಯಲ್ಲಿ ಕೈಗೆ ಸಿಗುವ ಕೊಬ್ಬರಿ ಎಣ್ಣೆ ಚಳಿಗೆ ಹೆಪ್ಪುಗಟ್ಟುತ್ತದೆ, ಅಡುಗೆಯ ಇತರ ಎಣ್ಣೆಗಳು ಕಾಲಕ್ರಮದಲ್ಲಿ ಅಂಟಾಗಿ ಕೀಲನ್ನೇ ಕಟ್ಟಿಹಾಕುತ್ತವೆ. ಎಣ್ಣೆ ಬಿಟ್ಟು ಅಲಗನ್ನು ಹಲವು ಸಲ ತೆರೆದು ಮುಚ್ಚಿದರೆ ಒಳಗಿನ ಕಪ್ಪು ಕೊಳೆ ಹೊರಬರುತ್ತದೆ. ಅದನ್ನು ಹತ್ತಿಬಟ್ಟೆಯಿಂದ ಒರೆಸುತ್ತ, ಬರುವ ಎಣ್ಣೆ ತಿಳಿಯಾಗುವವರೆಗೆ ಮುಂದುವರಿಸಬೇಕು.

ಮಲೆನಾಡು ಮತ್ತು ಕರಾವಳಿಯ ಮಳೆಗಾಲ ಉಕ್ಕಿನ ದೊಡ್ಡ ಶತ್ರು. ಚರ್ಮದ ಚೀಲದಲ್ಲಿ ಚಾಕು ಇಟ್ಟು ಮರೆಯುವುದು ಎಲ್ಲಕ್ಕಿಂತ ಕೆಟ್ಟದ್ದು, ಏಕೆಂದರೆ ಚರ್ಮ ತೇವವನ್ನು ಹಿಡಿದಿಡುತ್ತದೆ, ಹದ ಮಾಡಲು ಬಳಸಿದ ರಾಸಾಯನಿಕಗಳು ಹಿತ್ತಾಳೆಯ ಮೇಲೆ ಹಸಿರು ಕಿಲುಬು ಎಬ್ಬಿಸುತ್ತವೆ. ಅಲಗಿಗೆ ತೆಳುವಾಗಿ ಎಣ್ಣೆ ಅಥವಾ ವಸ್ತುಸಂಗ್ರಹಾಲಯಗಳಲ್ಲಿ ಬಳಸುವ ಮೇಣ ಹಚ್ಚಿ, ಒಣ ಹತ್ತಿಬಟ್ಟೆಯಲ್ಲಿ ಪ್ರತ್ಯೇಕವಾಗಿ ಸುತ್ತಿ, ಸಿಲಿಕಾ ಜೆಲ್ ಪೊಟ್ಟಣಗಳೊಂದಿಗೆ ಬಿಗಿಮುಚ್ಚಳದ ಡಬ್ಬಿಯಲ್ಲಿ ಇಡಬೇಕು. ಸೆಲ್ಯುಲಾಯ್ಡ್ ಹಿಡಿಯವು ಮಾತ್ರ ಈ ಡಬ್ಬಿಗೆ ಸೇರಬಾರದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತಿಂಗಳಿಗೊಮ್ಮೆ ತೆರೆದು ನೋಡಿ, ಪೊಟ್ಟಣಗಳನ್ನು ಬಿಸಿಲಿಗೋ ಬಿಸಿಗೋ ಒಣಗಿಸಿ ಮತ್ತೆ ಇಡಬೇಕು.

ಹಂತ 11: ದಾಖಲೆ ಬರೆದಿಡುವುದು

ಪ್ರತಿ ಚಾಕುವಿಗೂ ಒಂದು ಪುಟ ಮೀಸಲಿಡಬೇಕು. ಮುದ್ರೆಯನ್ನು ಕಂಡಂತೆಯೇ, ಸಾಲು ಮುರಿದಿರುವಲ್ಲಿಯೇ ಮುರಿದು, ನಕಲು ಮಾಡಬೇಕು, ಏಕೆಂದರೆ ಒಂದೇ ಸಂಸ್ಥೆ ಬೇರೆ ಬೇರೆ ಕಾಲದಲ್ಲಿ ಪದಗಳನ್ನು ಬೇರೆ ಬೇರೆ ರೀತಿ ಜೋಡಿಸಿರುತ್ತದೆ. ಮಡಚಿದಾಗಿನ ಉದ್ದ, ಅಲಗುಗಳ ಸಂಖ್ಯೆ, ಹಿಡಿಯ ವಸ್ತು, ದೋಷಗಳು, ಕೊಂಡ ಊರು, ಕೊಟ್ಟ ಬೆಲೆ ಬರೆದು, ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ತೆಗೆದ ಚಿತ್ರ ಅಂಟಿಸಬೇಕು. ಚಾಕು ಯಾರ ಮನೆಯದು, ಯಾವ ತೋಟದ್ದು, ಹೇಗೆ ಬಂತು ಎಂಬುದನ್ನು ಕೊಳ್ಳುವಾಗಲೇ ಕೇಳಿ ಬರೆದುಕೊಳ್ಳಬೇಕು. ಈ ಮಾಹಿತಿ ಚಾಕುವಿನ ಮೇಲೆ ಎಲ್ಲಿಯೂ ಇರುವುದಿಲ್ಲ, ಮಾರಿದವರು ಅಂಗಡಿ ಎತ್ತಿದ ಮೇಲೆ ಸಿಗುವುದೂ ಇಲ್ಲ. ಅಂದಾಜಿನ ವಯಸ್ಸನ್ನು ಬರೆಯುವಾಗ ಅದಕ್ಕೆ ಕಾರಣವಾದ ಸುಳಿವನ್ನೂ ಜೊತೆಗೇ ಬರೆದರೆ, ಮುಂದೆ ಹೊಸ ಮಾಹಿತಿ ಸಿಕ್ಕಾಗ ತಿದ್ದಲು ಸುಲಭ. ಶೆಫೀಲ್ಡಿಗೆ ಹೋಗುವ ಅವಕಾಶವಿರುವವರು ಕೆಲ್ಹಮ್ ಐಲೆಂಡ್ ವಸ್ತುಸಂಗ್ರಹಾಲಯದಲ್ಲಿರುವ, ಕೆನ್ ಹಾಲಿ ಎಂಬವರ ಹೆಸರಿನ ಸಂಗ್ರಹವನ್ನು ನೋಡಬೇಕು. ಆ ನಗರದ ಚಾಕುಗಳ ಜೊತೆಗೆ ಅವುಗಳನ್ನು ಮಾಡಿದ ಉಪಕರಣಗಳೂ ಅಲ್ಲಿವೆ, ನಿಮ್ಮ ಪುಟಗಳ ಚಿತ್ರಗಳನ್ನು ಜೊತೆಗೆ ಒಯ್ದರೆ ಹೋಲಿಸಿ ನೋಡಬಹುದು.